ಹಿರಿಯಾಕಿಗೆ ಹೊಸ ಎಂಜಿನ್

ಮಕ್ಕಳಿಗೆ ಎಂಜಿನ್ನಿನ ಪಾಠ ಮಾಡುತ್ತಾ ಕರಿಹಲಗೆಯ ಮೇಲೆ ನಾನು ಇದುವರೆಗೆ ಬರೆದಿರುವ ಪಿಸ್ಟನ್ನುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಒಂದು ರೈಲನ್ನೇ ಕಲಬುರಗಿಯಿಂದ ಸೊಲ್ಲಾಪುರದವರೆಗೆ ಎಳೆಯಬಹುದು! ಗಾಳಿ ಒಳಗೆ, ಒತ್ತಡ, ಸ್ಫೋಟ, ಹೊಗೆ ಹೊರಗೆ. ಈ ಮಂತ್ರವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಯಾರೂ ಕೇಳದಿದ್ದರೂ ನಿದ್ದೆಯಲ್ಲಿ ಹೇಳಿದ್ದೇನೆ ಎಂದು ನನ್ನ ಹೆಂಡತಿ ರಮಾಬಾಯಿ ಸಾಕ್ಷಿ ನುಡಿಯುತ್ತಾಳೆ. ನಮ್ಮ ವಂಶದಲ್ಲೇ ಮೊದಲ ಪದವೀಧರ ನಾನು. ಅದರಲ್ಲೂ ವಿಜ್ಞಾನದ ಮಾಸ್ತರ! ಇಂಥ ಮಗನನ್ನು ಹೆತ್ತ ಅಪ್ಪ, ಕಮಲಾಪುರದಲ್ಲಿ ದಿನಾ ನಸುಕಿನಲ್ಲಿ ಎದ್ದು, ಓಬೀರಾಯನ ಕಾಲದ ಲಾರಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಚುಚ್ಚಿ ಗರಗರ ತಿರುಗಿಸುತ್ತಾ ನಿಲ್ಲುವುದೆ? ವಿಜ್ಞಾನಕ್ಕೇ ಅವಮಾನ!

“ಈ ಬ್ಯಾಸಗಿ ಸೂಟಿಯಾಗ ಅಪ್ಪನ ಲಾರಿಗೆ ಹೊಸಾ ಎಂಜಿನ್ ಕೂಡಿಸಿಬಿಡ್ತೀನಿ!” ಎಂದು ಸೇಡಂ ರಸ್ತೆಯ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು ಘೋಷಿಸಿದೆ.

ರಮಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

“ಮೊದಲ ಆ ಮಿಕ್ಸರ್ ಕೂಡಸ್ರಿ. ನೀವು ರಿಪೇರಿ ಮಾಡಿದಾಗಿಂದ ಚಟ್ನಿ ಒಳಗ ನಿಲ್ಲವಲ್ದು, ಗ್ವಾಡಿಗೆ ಹಾರಾಕತ್ಯಾದ.”

“ಅದು ಸಣ್ಣ ವಿಷಯ.”

“ಹೌದ್ರೀ. ನಿಮಗ ದೊಡ್ಡದ ಬೇಕು ಕೆಡಸಾಕ.”

ಹೆಂಡತಿಯರು ಹೀಗೆಂದರೆಂದು ಮಹಾಪುರುಷರು ಎಂದಾದರೂ ಹಿಂದೆ ಸರಿದಿದ್ದಾರೆಯೇ? ನಾನೂ ಸರಿಯಲಿಲ್ಲ.

ಲಾರಿಯ ಪರಿಚಯ ಮಾಡಿಸಲೇಬೇಕು. ಮೂತಿ ಮುಂದೆ ಚಾಚಿದ, ಕಣ್ಣು ಹೊರಗೆ ಬಂದ ಹಳೆಯ ತಲೆಮಾರಿನ ಗಾಡಿ. ಶಹಾಬಾದ್ ಕಲ್ಲಿನ ಧಣಿಯೊಬ್ಬರ ಹತ್ತಿರ ಅಪ್ಪ, ಅಂದರೆ ಅಂಬಣ್ಣ, ಮೊದಲು ಕಲ್ಲು ಹೊರುತ್ತಿದ್ದ, ಆಮೇಲೆ ಇದೇ ಲಾರಿಯ ಡ್ರೈವರ್ ಆದ. ಧಣಿ ಇದನ್ನು ಗುಜರಿಗೆ ಹಾಕಲು ಹೊರಟಾಗ, ಬರಬೇಕಿದ್ದ ಪಗಾರದ ಬದಲು ಲಾರಿಯನ್ನೇ ಕೇಳಿ ಮನೆಗೆ ಹೊಡೆದುಕೊಂಡು ಬಂದ. ಅಪ್ಪನ ಬದುಕಿನಲ್ಲಿ ಲಾರಿ ಬಂದದ್ದು ಮೊದಲು, ನನ್ನ ಅವ್ವ ಭೀಮಬಾಯಿ ಬಂದದ್ದು ನಂತರ. ಹಾಗಾಗಿ ಅವ್ವ ಅದನ್ನು ಕರೆಯುವುದೇ ‘ಹಿರಿಯಾಕಿ’ ಎಂದು. “ನಿಮ್ಮಪ್ಪ ಮುಂಜಾನೆದ್ದು ಹಿರಿಯಾಕಿಗೆ ನೀರು ಕುಡಿಸಿ, ಆಮ್ಯಾಲ ನನಗ ಚಾ ಕೇಳ್ತಾನ ನೋಡು!” ಎಂದು ಗೊಣಗಿದರೂ, ದಸರೆಗೆ ಮೊದಲ ಹೂವಿನ ಹಾರ ಹಿರಿಯಾಕಿಗೇ ಹಾಕುವವಳು ಅವಳೇ.

ಹಿರಿಯಾಕಿಯ ಸಪ್ಪಳವಂತೂ ಕೇಳಲೇಬೇಡಿ! ಧಡ್ ಧಡ್ ಧಡ್ ಎಂದು ಬಡಿದು ನಡುವೆ ಒಮ್ಮೆ ಖೊಕ್ ಎಂದು ಕೆಮ್ಮುತ್ತಿದ್ದಳು. ಅವಳು ಹಿತ್ತಲಲ್ಲಿ ಚಾಲೂ ಆದರೆ ಊರಿನ ಆ ತುದಿಯ ತೊಟ್ಟಿಲ ಕೂಸುಗಳು ಎದ್ದು ಕೂಡುತ್ತಿದ್ದವು. ನಮ್ಮ ಓಣಿಯ ಹುಂಜಗಳು ಕೂಗುವ ಚಾಕರಿಯನ್ನೇ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಅವಳ ಕೆಲಸ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿ ಮಾರ್ಕೆಟ್ಟಿಗೆ ಮುಟ್ಟಿಸುವುದು. ನಮ್ಮ ಓಣಿಯ ಹೆಣ್ಣುಮಕ್ಕಳು ತೋಟಗಳಿಂದ ಗೊನೆ ತಂದು, ಮನೆಯಲ್ಲೇ ಹಣ್ಣು ಮಾಡಿ, ಬುಟ್ಟಿಗೆ ತುಂಬಿ, ಮೇಲೆ ತಮ್ಮ ಹಳೆಯ ಸೀರೆಯ ತುಂಡು ಕಟ್ಟಿ ಇಟ್ಟಿರುತ್ತಾರೆ. ನಸುಕಿನಲ್ಲಿ ಲಾರಿ ಓಣಿಯಲ್ಲಿ ತೆವಳಿಕೊಂಡು ಬಂದಾಗ ಬುಟ್ಟಿ ಏರಿಸಿ, ತಾವು ಮೊದಲ ಬಸ್ಸು ಹಿಡಿಯುತ್ತಾರೆ. ಸೀರೆಯ ತುಂಡು ನೋಡಿಯೇ ಅದು ಯಾರ ಬುಟ್ಟಿ ಎಂದು ಅಪ್ಪ ಹೇಳಬಲ್ಲ. ಕೆಂಪು ಬಾಳೆಯದು ರಾಜರ ಸ್ವಭಾವ. ಇವತ್ತು ಹೋಗದಿದ್ದರೆ ನಾಳೆ ಮುಖ ಕಪ್ಪು ಮಾಡಿಕೊಂಡು ಕೂಡುತ್ತದೆ.

ಅಪ್ಪನನ್ನು ಒಪ್ಪಿಸಲು ಒಂದು ಭಾನುವಾರ ರಮಾಳನ್ನೂ ಕರೆದುಕೊಂಡು ಊರಿಗೆ ಹೋದೆ.

“ಅಪ್ಪಾ, ಬಲಗೈ ಮ್ಯಾಲ ಎತ್ತು ನೋಡೋಣ.”

ಅಪ್ಪ ಭುಜದ ಮಟ್ಟಕ್ಕೆ ಎತ್ತಿ ನಿಲ್ಲಿಸಿದ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಆ ರಟ್ಟೆ ತುಕ್ಕು ಹಿಡಿದಿತ್ತು.

“ಇನ್ನೂ ಮ್ಯಾಲ.”

“ಇದರಕಿಂತ ಮ್ಯಾಲ ಯಾಕ? ನಾ ಏನ್ ನಿನ್ನ ಸಾಲ್ಯಾಗ ಉತ್ತರ ಹೇಳಬೇಕಾಗ್ಯಾದ ಏನು?”

ಆದರೆ ಕೈ ಇಳಿಸುವಾಗ ಅಪ್ಪ ಹಲ್ಲು ಕಚ್ಚಿದ್ದನ್ನು ನಾನೂ ನೋಡಿದೆ, ಅವ್ವನೂ ನೋಡಿದಳು. ಅವ್ವ ತಕ್ಷಣ ನನ್ನ ಪಕ್ಷಕ್ಕೆ ಬಂದಳು. ಅಪ್ಪ ಕೊನೆಗೆ ಒಂದೇ ಕರಾರು ಹಾಕಿದ.

“ಎಂಜಿನ್ ಹಾಕು, ಇಲ್ಲಾ ವಿಮಾನ ಹಾಕು. ಆದ್ರ ಹೆಣ್ಮಕ್ಕಳ ಬುಟ್ಟಿ ಮನ್ಯಾಗ ಉಳೀಬಾರದು. ಇಷ್ಟು ವರ್ಷದಾಗ ಒಂದೂ ಉಳಿದಿಲ್ಲ. ಉಳೀತು ಅಂದ್ರ ದೌಲಪ್ಪ ಬಂದು ನಿಂದರತಾನ. ಆಮ್ಯಾಲ ನಾ ಗಾಡಿ ಮುಂದ ಬೀಡಿ ಸೇದಕೋತ ಕುಂದರೋದು ಅಷ್ಟ.”

ದೌಲಪ್ಪ ಎಂದರೆ ಅದೇ ಊರಿನ ಹೊಸ ಪಿಕಪ್ಪಿನ ಮಾಲಕ. ನಮ್ಮ ಓಣಿಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

“ಒಂದು ಬುಟ್ಟಿ ಅಲ್ಲ, ಒಂದು ಬಾಳೆಹಣ್ಣೂ ಉಳಿಯೋದಿಲ್ಲ!” ಎಂದೆ. ಈ ಮಾತನ್ನು ನೆನಪಿನಲ್ಲಿಡಿ. ನಮ್ಮ ಓಣಿ ಇಟ್ಟುಕೊಂಡಿದೆ.

ಅವತ್ತೇ ಇನ್ನೊಂದು ಘನಕಾರ್ಯ ನಡೆಯಿತು. ಹಳೆಯ ಎಂಜಿನ್ ತೆಗೆಯುವ ಮೊದಲು ಅದರ ಮುಂದೆ ನಿಂತು ಮಕ್ಕಳಿಗಾಗಿ ಒಂದು ವಿಡಿಯೋ ಪಾಠ ಮಾಡೋಣ ಎನ್ನಿಸಿತು. ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ರಮಾಳ ಕೈಗೆ ಅವಳದೇ ಫೋನ್ ಕೊಟ್ಟು, ಹೊಸ ನೀಲಿ ಚೌಕಳಿ ಲುಂಗಿಯಲ್ಲಿ ಠೀವಿಯಿಂದ ನಿಂತೆ.

“ಪ್ರೀತಿಯ ವಿದ್ಯಾರ್ಥಿಗಳೇ, ಇಗೋ ನೋಡಿ, ಮಾನವನ ಬುದ್ಧಿಶಕ್ತಿಯ ಮಹಾಕಾವ್ಯ!” ಎಂದು ಎಂಜಿನ್ನಿನ ಸಪ್ಪಳಕ್ಕಿಂತ ಎತ್ತರದ ದನಿಯಲ್ಲಿ ಶುರು ಮಾಡಿದೆ. ಸಿಲಿಂಡರ್ ತೋರಿಸಿದೆ, ಪಂಪು ತೋರಿಸಿದೆ. ಒಂದು ಕ್ಷಣವೂ ಬಾಯಿ ಮುಚ್ಚಲಿಲ್ಲ. ಕೊನೆಗೆ ಮುಂದೆ ಬಾಗಿ, “ಇದು ಫ್ಯಾನು. ಇದರ ಕೆಲಸವೇನೆಂದರೆ, ಎದುರಿಗಿರುವುದನ್ನು ತನ್ನತ್ತ ಎಳೆದುಕೊಳ್ಳುವುದು...” ಎಂದೆ.

ಎಳೆದುಕೊಂಡಿತು.

“ರೀ! ಲುಂಗಿ! ಲುಂಗಿ ಹಿಡೀರಿ! ಯವ್ವಾ, ಲುಂಗಿ ಹೋತಲ್ರೀ!” ಎಂದು ರಮಾ ಕಿರುಚುವಷ್ಟರಲ್ಲಿ ನನ್ನ ಲುಂಗಿ ಫ್ಯಾನಿಗೆ ಮುಂಡಾಸು ಸುತ್ತಿಕೊಂಡು ಚಿಂದಿಚಿಂದಿಯಾಗಿ ಹಾರತೊಡಗಿತ್ತು. ಪುಣ್ಯಕ್ಕೆ ಅದರ ಜೊತೆ ನಾನು ಹೋಗಲಿಲ್ಲ! ಹಿರಿಯಾಕಿ ಮಾತ್ರ ಒಂದು ಬಡಿತವನ್ನೂ ತಪ್ಪಿಸದೆ ಧಡ್ ಧಡ್ ಧಡ್ ಖೊಕ್ ಎನ್ನುತ್ತಲೇ ಇದ್ದಳು. ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿ, ಮೊಟ್ಟಮೊದಲ ಸಲ ಮಾತಿಲ್ಲದೆ, ಟೈರಿನ ಹಿಂದೆ ಕುಳಿತೆ.

“ಆ ವಿಡಿಯೋ ಅಳಿಸು,” ಎಂದೆ ಅಲ್ಲಿಂದಲೇ.

“ಅಳಸ್ತೀನ್ರೀ, ಅಳಸ್ತೀನಿ,” ಎಂದಳು ರಮಾ, ನಗುತ್ತಾ ಕಣ್ಣೀರು ಒರೆಸಿಕೊಳ್ಳುತ್ತಾ.

ಸೂಟಿ ಬಿದ್ದ ಮರುದಿನವೇ ಹಿರಿಯಾಕಿ ಕಲಬುರಗಿಯ ರಿಂಗ್ ರೋಡ್ ಪಕ್ಕದ ಗ್ಯಾರೇಜು ಸೇರಿದಳು. ಮಾಲಕರು ಖಮರುದ್ದೀನ್. ಜಂಬದಲ್ಲಿ ನನಗೆ ಸರಿಸಾಟಿಯಾದ ಮನುಷ್ಯ ಸಿಕ್ಕಿದ್ದು ಅಲ್ಲೇ.

“ಮಾಸ್ತರ್ ಸಾಬ್, ಎಂಜಿನ್ ಬದಲಿ ಅಂದ್ರ ಏನು? ಟೋಪಿ ಬದಲಿ ಮಾಡಿದಂಗ! ಆಠ್ ದಿನ್ ಕಾ ಕಾಮ್. ಫಿಕರ್ ನಕ್ಕೋ, ಚಿಂತೀನ ಬ್ಯಾಡ.”

ಎಲ್ಲೋ ಪಲ್ಟಿಯಾಗಿದ್ದ ಹೊಸ ನಮೂನೆಯ ಲಾರಿಯೊಂದರ ಎಂಜಿನ್ ತರಿಸಿದರು. ಹಳೆಯದನ್ನು ಗುಜರಿಯವರಿಗೆ ಬದಲಿಗೆ ಕೊಡಬೇಕೇ ಎಂದು ಕೇಳಿದಾಗ ನಾನು ಚಕ್ರವರ್ತಿಯಂತೆ ಕೈ ಬೀಸಿ, “ಹೋಗಲಿ ಬಿಡ್ರಿ, ಅದರ ಕಾಲ ಮುಗೀತು!” ಎಂದೆ. ಸಾರಿಗೆ ಕಚೇರಿಗೆ ಅಲೆದು ಒಪ್ಪಿಗೆಯನ್ನೂ ತಂದೆ. ಆ ವಿಷಯದಲ್ಲಿ ನಾನು ಹದ್ದುಬಸ್ತಿನ ಮನುಷ್ಯ.

ಹೊಸ ಎಂಜಿನ್ ಹಿರಿಯಾಕಿಯ ಹೊಟ್ಟೆಯೊಳಗೆ ಇಳಿದಾಗ, ದೊಡ್ಡ ಹಗೇವಿನಲ್ಲಿ ಒಂದು ಸೇರು ಜೋಳ ಸುರಿದಂತೆ ಕಂಡಿತು! ಸುತ್ತ ಅಷ್ಟು ಜಾಗ. “ಉಳಿದ ಜಾಗದಾಗ ಮಾವಂದು ಬುತ್ತಿಗಂಟು ಇಡಬಹುದು, ಬಿಸಿ ಇರ್ತದ,” ಎಂದಳು ನೋಡಲು ಬಂದ ರಮಾ. ಅದನ್ನು ಕೂಡಿಸುವ ಕಬ್ಬಿಣದ ಪಟ್ಟಿಗಳಿಗೆ ನಾನು ನಕ್ಷೆ ಬರೆದುಕೊಟ್ಟೆ. “ವಾಹ್! ಕ್ಯಾ ಡ್ರಾಯಿಂಗ್ ಹೈ!” ಎಂದು ಖಮರುದ್ದೀನ್ ಅದನ್ನು ನೋಡಿಯೇ ವೆಲ್ಡಿಂಗ್ ಮಾಡಿದರು. ನನ್ನ ನಕ್ಷೆ, ಅವರ ವೆಲ್ಡಿಂಗ್ ಎರಡೂ ಸೇರಿ, ಎಂಜಿನ್ ಸೇಡಂ ಕಡೆಗೂ ಗೇರ್‌ಬಾಕ್ಸ್ ಬೀದರ್ ಕಡೆಗೂ ಮುಖ ಮಾಡಿ, ಜಗಳಾಡಿದ ಗಂಡ ಹೆಂಡಿರಂತೆ ಕುಳಿತವು! ಎಲ್ಲವನ್ನೂ ಕತ್ತರಿಸಿ ಮತ್ತೆ ಮಾಡಿದ್ದಾಯಿತು. ಗೇರ್‌ಬಾಕ್ಸ್ ಬದಲಿಸಿದರೆ ಶಾಫ್ಟ್ ಗಿಡ್ಡ; ಶಾಫ್ಟ್ ಉದ್ದ ಮಾಡಿಸಿದರೆ ರೇಡಿಯೇಟರ್ ಅಡ್ಡ. ಹಳೆಯ ಎಂಜಿನ್ನಿಗೆ ಇದ್ದದ್ದು ನಾಲ್ಕು ವೈರು. ಹೊಸದರ ಜೊತೆ ಒಂದು ಪರಾತ ಶಾವಿಗೆಯಷ್ಟು ವೈರು ಬಂದಿತ್ತು. ಎಂಟು ದಿನದ ಕೆಲಸ ಮುಗಿಯುವಷ್ಟರಲ್ಲಿ ಸೂಟಿ ಮುಗಿದು, ಸಾಲೆ ಶುರುವಾಗಿ, ಮಳೆ ಬಿದ್ದು, ಶ್ರಾವಣ ಬಂದು ಬಾಗಿಲಲ್ಲಿ ನಿಂತಿತ್ತು.

ಇಷ್ಟೂ ದಿನ ಬುಟ್ಟಿಗಳನ್ನು ಒಯ್ದವನು ಯಾರೆಂದು ಬೇರೆ ಹೇಳಬೇಕೆ? ದೌಲಪ್ಪ! ಓಣಿಯ ಮುಂದಾಳು ರೋಷನಬಿ ಮಾತ್ರ ಅಪ್ಪನಿಗೆ, “ಅಂಬಣ್ಣ ಭಾಯಿ, ನಿಮ್ಮ ಗಾಡಿ ಬರಲಿ. ಅಂವಾ ಬುಟ್ಟಿ ಒಗೀತಾನ, ಹಣ್ಣು ಜಜ್ಜತಾವ,” ಎಂದು ಧೈರ್ಯ ಹೇಳಿದ್ದಳು.

ಕೊನೆಗೂ ಆ ಶುಭದಿನ ಬಂತು. ಖಮರುದ್ದೀನ್ ಚಾವಿ ತಿರುಗಿಸಿದರು. ಏನೂ ಆಗಲಿಲ್ಲ.

“ಚಾಲೂ ಆಗಲಿಲ್ಲಲ್ರೀ?”

“ಆಗ್ಯಾದ ಸಾಬ್!”

“ಖರೇನಾ?”

ಬಾನೆಟ್ ಮೇಲೆ ಕೈ ಇಟ್ಟು ನೋಡಿದೆ. ಬೆಕ್ಕು ಮಲಗಿ ಗುರುಗುಟ್ಟಿದ ಹಾಗಿತ್ತು! ಒಂದು ನಾಣ್ಯವನ್ನು ಬಾನೆಟ್ ಮೇಲೆ ನಿಲ್ಲಿಸಿದೆ, ನಿಂತೇ ಇತ್ತು. ನಾವಿಬ್ಬರೂ ಅಪ್ಪಿಕೊಂಡೆವು. ಅಪ್ಪ ಮಾತ್ರ ಎಂಜಿನ್ನಿಗೆ ಕಿವಿ ಹಚ್ಚಿ, ಸಂಬಂಧಿಕರ ಹಾಸಿಗೆಯ ಬದಿಗೆ ನಿಂತವನಂತೆ ಕೇಳಿದ:

“ಉಸಿರು ಆಡಾಕತ್ಯಾದಿಲ್ಲೋ ಗೌತಮಾ?”

ಶ್ರಾವಣದ ಮೊದಲ ಸೋಮವಾರ. ಬಾಳೆಹಣ್ಣಿಗೆ ಅದಕ್ಕಿಂತ ದೊಡ್ಡ ದಿನವಿಲ್ಲ. ಹಿಂದಿನ ಸಂಜೆಯೇ ಅಪ್ಪ ಓಣಿಯಲ್ಲಿ ತಿರುಗಿ, “ನಾಳಿಂದ ನಮ್ಮ ಗಾಡಿ, ದೌಲಪ್ಪಗ ಬ್ಯಾಡ ಅಂತ ಹೇಳ್ರಿ,” ಎಂದು ಬಂದಿದ್ದ. ನಸುಕಿನಲ್ಲಿ ನಾನೂ ಪಕ್ಕದ ಸೀಟಿನಲ್ಲಿ ಮದುಮಗನಂತೆ ಕುಳಿತೆ. ಹಿರಿಯಾಕಿ ಗಾಳಿಯಲ್ಲಿ ತೇಲಿದಂತೆ ಓಣಿ ಹೊಕ್ಕಳು.

ಯಾವ ಬಾಗಿಲೂ ತೆರೆಯಲಿಲ್ಲ.

ರಸ್ತೆ ನಡುವೆ ಮಲಗಿದ್ದ ನಾಯಿ ಕೂಡ ಏಳಲಿಲ್ಲ. ಅಪ್ಪನೇ ಇಳಿದು ಅದನ್ನು ಎಬ್ಬಿಸಿ ಬದಿಗೆ ಕಳಿಸಿ ಬಂದ.

“ನೋಡಪ್ಪಾ, ಗೇರು ಬೆಣ್ಣಿ ಹಂಗ ಬೀಳ್ತದ!” ಎಂದೆ ನಾನು.

ಅಪ್ಪ ಓಣಿಯ ತುದಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಕಾದ. ಪೂರ್ವದಲ್ಲಿ ಬೆಳಕು ಹರಿಯತೊಡಗಿತು. ಒಂದು ಬುಟ್ಟಿಯೂ ಬರಲಿಲ್ಲ.

“ಹಾರ್ನ್ ಹೊಡಿ ಅಪ್ಪಾ.”

“ಹಾರ್ನ್ ಹೊಡದು ಕರಿಯಾಕ ಅವರೇನ್ ನನ್ನ ಆಳಾ? ಇಷ್ಟು ವರ್ಷ ಯಾರ ಬಾಗಲಾನೂ ಬಡಿದಿಲ್ಲ ನಾ. ಬರೋರು ತಾವ ಬರ್ತಿದ್ರು.” ಸ್ಟೇರಿಂಗ್ ಒರೆಸುತ್ತಾ ಮೆಲ್ಲಗೆ ಅಂದ: “ದೌಲಪ್ಪನ ಗಾಡಿ ಹೊಂದಿಕಿ ಆಗಿರಬೇಕು. ಇರಲಿ. ಹೊಸಾದು ಯಾರಿಗೆ ಬ್ಯಾಡ ಹೇಳು?”

ನನ್ನ ಸಾಲೆಯ ಹೊತ್ತಾಗಿತ್ತೆಂದು ಅಪ್ಪ ಮಹಾಗಾಂವ ಕ್ರಾಸ್ ದಾಟಿ ಕಲಬುರಗಿಯ ಕಡೆ ಗಾಡಿ ಬಿಟ್ಟ. ಹಿಂದೆ ಖಾಲಿ ಲಾರಿ.

ಮಾರ್ಕೆಟ್ಟಿನಲ್ಲಿ ಇಳಿಸಲು ಏನೂ ಇರಲಿಲ್ಲವಾದ್ದರಿಂದ ನೇರ ನಮ್ಮ ಮನೆಗೆ ಬಂದೆವು. ಮುಂಚೆ ಲಾರಿ ಸೇಡಂ ರಸ್ತೆಯಿಂದ ತಿರುಗಿದ ಸಪ್ಪಳಕ್ಕೇ ರಮಾ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಅಪ್ಪ ಕಾಲು ತೊಳೆದು ಕೂಡುವಷ್ಟರಲ್ಲಿ ತಾಟಿಗೆ ಬೀಳುತ್ತಿತ್ತು. ಇವತ್ತು ಬಾಗಿಲಲ್ಲಿ ಅಪ್ಪನನ್ನು ಕಂಡು ಗಾಬರಿಯಾದಳು.

“ಅಯ್ಯ, ಮಾವಾ! ಯಾವಾಗ ಬಂದ್ರಿ? ನಡಕೋತ ಬಂದ್ರೇನು? ಗಾಡಿ ಸಪ್ಪಳನ ಆಗಲಿಲ್ಲ!”

ನಾನೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದೇ ಹೊತ್ತಿಗೆ ಊರಿಂದ ಅವ್ವನ ಫೋನು.

“ಎಲ್ಲಿ ಅದೀರೋ? ಓಣಿ ಹೆಣ್ಮಕ್ಕಳೆಲ್ಲ ಬುಟ್ಟಿ ಹೊತ್ಕೊಂಡು ನನ್ನ ಬಾಗಲಾಗ ಬಂದು ಕುಂತಾರ. ನಸುಕಿನಿಂದ ಹಿರಿಯಾಕಿ ಸಪ್ಪಳಕ್ಕ ಕಿವಿ ಕೊಟ್ಟು ಕಾದಾರ. ಸಪ್ಪಳಿಲ್ಲಂದ್ರ ಗಾಡಿ ಕೆಟ್ಟದ ಅಂತ ತಿಳಕೊಂಡಾರ!”

ವಿಜ್ಞಾನದ ಮಾಸ್ತರನಿಗೆ ಅವತ್ತು ಜ್ಞಾನೋದಯವಾಯಿತು. ಹಳೆಯದೆಂದು ನಾನು ಕಿತ್ತು ಗುಜರಿಗೆ ಹಾಕಿದ್ದು ಇಡೀ ಓಣಿಯ ಗಡಿಯಾರವನ್ನು!

ಸಾಲೆಗೆ ರಜೆ ಹಾಕಿ ಅಪ್ಪನ ಜೊತೆ ಊರಿಗೆ ಓಡಿದೆ. ಕೆಲವರು ಬಸ್ಸಿನಲ್ಲಿ ಆದಷ್ಟು ಒಯ್ದಿದ್ದರು. ಉಳಿದ ಬುಟ್ಟಿಗಳು ನಮ್ಮ ಕಟ್ಟೆಯ ಮೇಲೆ ಪಂಚಾಯ್ತಿಗೆ ಕುಳಿತಂತೆ ಕುಳಿತಿದ್ದವು. ರೋಷನಬಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

“ಕಳ್ಳರ ಹಂಗ ಹೋದ್ರಲ್ಲಾ ಅಂಬಣ್ಣ ಭಾಯಿ! ನೀವು ಮುಂಚೆ ಹಿತ್ತಲದಾಗ ಚಾಲೂ ಮಾಡಿದ್ರ ನಾ ಇಲ್ಲಿ ಬುಟ್ಟಿಗೆ ಅರಿವಿ ಕಟ್ತಿದ್ದೆ. ಕೆಮ್ಮು ಕೇಳಿದ್ರ ಬುಟ್ಟಿ ಎತ್ತಿದ್ದೆ. ಈಗ ನಾ ಯಾವುದಕ್ಕ ಕಿವಿ ಕೊಡ್ಲಿ? ಮಾಸ್ತರ್, ಒಂದು ಹಣ್ಣೂ ಉಳಿಯೋದಿಲ್ಲ ಅಂದಿದ್ರಿ ಅಲಾ?”

“ಒಂದು ವಾಟ್ಸಾಪ್ ಗುಂಪು ಮಾಡೋಣ್ರಿ,” ಎಂದೆ ನಾನು.

“ಬೇಟಾ, ಆ ಹೊತ್ತಿನಾಗ ಎರಡೂ ಕೈ ಬುಟ್ಟಿಗೆ ಇರ್ತಾವ. ಫೋನ್ ಏನ್ ಕಾಲಾಗ ಹಿಡೀಲಿ?”

ಉಳಿದ ಹೆಂಗಸರು ನಗಲಿಲ್ಲ. ಅದೇ ಭಯ ಹುಟ್ಟಿಸಿತು. ಕೊನೆಗೆ ರೋಷನಬಿಯೇ ತೀರ್ಪು ಕೊಟ್ಟಳು: ಗುರುವಾರದ ತನಕ ನೋಡುವುದು. ಸಪ್ಪಳ ಬಂದರೆ ಅಂಬಣ್ಣನ ಗಾಡಿ, ಬರದಿದ್ದರೆ ಕಾಯಂ ದೌಲಪ್ಪನದು. ಅಪ್ಪ ತಲೆ ಬಗ್ಗಿಸಿ “ಆಗಲಿ ಬಾಯಿ,” ಎಂದ. ಉಳಿದ ಹಣ್ಣನ್ನೆಲ್ಲ ನಾನೇ ಕೊಂಡೆ. ಬಾಳೆಹಣ್ಣಿನ ಶಿರಾ, ಬಾಳೆಹಣ್ಣಿನ ದ್ವಾಸಿ, ಬಾಳೆಹಣ್ಣಿನ ಮಾಲ್ದಿ! ನಮ್ಮ ಮನೆಯ ನೊಣಗಳು ಕೂಡ ಸಾಕೆಂದು ಪಕ್ಕದ ಮನೆಗೆ ಹೋದವು.

ಮಂಗಳವಾರಕ್ಕೆ ಖಮರುದ್ದೀನ್ ಉಪಾಯ: “ಸಾಯಲೆನ್ಸರ್ ನಿಕಾಲೋ!” ತೆಗೆದೆವು. ಸಪ್ಪಳ ಬಂತು, ಆದರೆ ಅದು ಕಾಲೇಜು ಹುಡುಗರ ಮೋಟರ್‌ಸೈಕಲ್ಲಿನಂತೆ ಫಟಫಟ ಸಿಡಿಯುವ ಸಪ್ಪಳ. ಬಾಗಿಲುಗಳು ತೆರೆದವು. “ಯಾವಂವಾ ಅಂವಾ ನಸುಕಿನ್ಯಾಗ ಗಾಡಿ ಹಾರಸಾಂವಾ!” ಎಂದು ಬಯ್ದು ಮತ್ತೆ ಮುಚ್ಚಿಕೊಂಡವು. ಹಿಂದಿನಿಂದ ಬಂದ ದೌಲಪ್ಪ ಹಾರ್ನ್ ಹೊಡೆದು ಬುಟ್ಟಿ ತುಂಬಿಕೊಂಡು ಹೋದ.

ಬುಧವಾರಕ್ಕೆ ನನ್ನದೇ ಉಪಾಯ. ಜಗತ್ ಸರ್ಕಲ್ಲಿನ ಅಂಗಡಿಯಿಂದ ಒಂದು ಧ್ವನಿವರ್ಧಕ ತಂದು, ಲಾರಿಯ ತಲೆಗೆ ಕಟ್ಟಿ, ಇಂಪಾದ ಒಂದು ಸಂಗೀತ ಹಚ್ಚಿದೆ. ಹಿಂದೆ ನಿಂತು ನಾನೇ ಬುಟ್ಟಿ ಏರಿಸಿಕೊಳ್ಳಲು ಕೈ ಚಾಚಿದೆ. ಏನು ಆಶ್ಚರ್ಯ! ಎಲ್ಲ ಬಾಗಿಲುಗಳೂ ತೆರೆದವು! ಹೆಂಗಸರು ಬುಟ್ಟಿ ಹಿಡಿದು ಓಡೋಡಿ ಬಂದರು! ಕಣ್ಣು ತುಂಬಿ ಬಂತು ನನಗೆ. ಮೊದಲ ಬುಟ್ಟಿ ಗಾಳಿಯಲ್ಲಿ ಹಾರಿ ನನ್ನ ತಲೆಯ ಮೇಲೆ ಬೋರಲಾದಾಗ ತಿಳಿಯಿತು, ಅದರಲ್ಲಿದ್ದದ್ದು ಬಾಳೆಹಣ್ಣಲ್ಲ, ನಿನ್ನೆಯ ಕಸ!

“ಅಯ್ಯಯ್ಯ, ಮಾಸ್ತರ್ರಾ! ಹಾಡು ಕೇಳಿ ಪಂಚಾಯ್ತಿ ಕಸದ ಗಾಡಿ ಅಂತ ತಿಳಕೊಂಡೆನಲ್ರೀ!”

ಈರುಳ್ಳಿ ಸಿಪ್ಪೆಯನ್ನು ಕಿವಿಯಿಂದ ತೆಗೆಯುತ್ತಾ ಮನೆಗೆ ಬಂದೆ. ಸಂಜೆಯವರೆಗೂ ಅಪ್ಪ ಕಟ್ಟೆಯ ಮೇಲೆ, ಲಾರಿಯ ಎದುರಿಗೆ ಕುಳಿತಿದ್ದ. ಆಗ ಅಪ್ಪ ನನ್ನನ್ನು ಕೇಳಿದ. ನನ್ನ ಓದಿಗೆ ಎಲ್ಲ ಕೊಟ್ಟು, ಇದುವರೆಗೆ ನನ್ನಿಂದ ಏನನ್ನೂ ಕೇಳಿರದ ಅಪ್ಪ.

“ಗೌತಮಾ, ಆ ಹಳೀ ಎಂಜಿನ್ ವಾಪಸ್ ಸಿಗ್ತದೇನೋ?”

ಖಮರುದ್ದೀನರಿಗೆ ಫೋನ್ ಹಚ್ಚಿದೆ. ಅವರ ದನಿಯಲ್ಲೂ ಜಂಬ ಇರಲಿಲ್ಲ. “ಪಿಘಲ್ ಗಯಾ ಸಾಬ್. ಕರಗಿಸಿಬಿಟ್ಟಾರ. ಈಗ ಅದು ಯಾರದೋ ಮನಿ ಗೇಟ್ ಆಗಿರಬೇಕು.”

ನನ್ನ ಅವತಾರದ ಸುದ್ದಿ ಕೇಳಿ ಕಲಬುರಗಿಯಿಂದ ಬಂದಿದ್ದ ರಮಾ ಒಮ್ಮೆ ಕೆಮ್ಮಿದಳು.

“ಆಕಿ ದನಿ ಅದ ನನ್ನ ಹತ್ರ.”

“ಯಾರ ದನಿ?”

“ಹಿರಿಯಾಕಿದು. ಆ ಲುಂಗಿ ವಿಡಿಯೋದಾಗ.”

“ಅಳಸೀನಿ ಅಂದಿದ್ದಿ!”

“ಫೋನಿನಾಗಿಂದ ಅಳಸಿದ್ದೆ. ಅದಕ್ಕಿಂತ ಮೊದಲ ತಂಗಿಗೆ ಕಳಿಸಿದ್ದೆ. ಅಕಿ ಕಡಿಂದ ಈಗ ವಾಪಸ್ ತರಿಸೀನಿ.”

ವಿಡಿಯೋ ಹಚ್ಚಿದಳು. ಧಡ್ ಧಡ್ ಧಡ್ ಖೊಕ್. ಅಪ್ಪ ಕಣ್ಣು ಮುಚ್ಚಿದ. ಬಲಗೈ ತಾನಾಗಿಯೇ ತೊಡೆಯ ಮೇಲೆ ಗೇರು ಹಾಕಿದಂತೆ ಅಲುಗಿತು. “ಆಕೀನ,” ಎಂದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಒಂದೇ ತೊಡಕು. ವಿಡಿಯೋದುದ್ದಕ್ಕೂ ಎಂಜಿನ್ನಿನ ಮೇಲೆ ನನ್ನ ಭಾಷಣ! “ಮಾನವನ ಬುದ್ಧಿಶಕ್ತಿಯ ಮಹಾಕಾವ್ಯ” ಎಂದು ಕೂಗುತ್ತಾ ಹೋದರೆ ಯಾವ ಹೆಂಗಸು ಬುಟ್ಟಿ ತಂದಾಳು? ನಾನು ಬಾಯಿ ಮುಚ್ಚಿದ್ದು ಲುಂಗಿ ಹೋದ ಮೇಲೆ ಮಾತ್ರ. ಅಲ್ಲಿಂದ ಮುಂದೆ ಹಿರಿಯಾಕಿಯ ದನಿ ಶುದ್ಧ. ಆದರೆ ಅದರ ನಡುನಡುವೆ ರಮಾಳ ಆರ್ತನಾದ. ಕತ್ತರಿಸಲು ನನಗೆ ಬರುವುದಿಲ್ಲ, ನಸುಕಾದರೆ ಗುರುವಾರ.

“ಹಂಗ ಹಚ್ಚು,” ಎಂದ ಅಪ್ಪ. “ನಿನ್ನ ಲುಂಗಿಕಿಂತ ಅವರ ಬುಟ್ಟಿ ದೊಡ್ಡವು.”

ಗುರುವಾರ ಹಿತ್ತಲಿಂದಲೇ ಧ್ವನಿವರ್ಧಕ ಚಾಲೂ ಮಾಡಿದೆವು. ಧಡ್ ಧಡ್ ಧಡ್ ಖೊಕ್! ನಾಯಿ ಎದ್ದು ಬದಿಗೆ ಹೋಯಿತು. ಒಂದು ಮನೆಯಲ್ಲಿ ದೀಪ ಹತ್ತಿತು, ಆಮೇಲೆ ಇನ್ನೊಂದರಲ್ಲಿ. ಅಷ್ಟರಲ್ಲಿ ಇಡೀ ಕಮಲಾಪುರಕ್ಕೆ ಕೇಳುವಂತೆ: “ರೀ! ಲುಂಗಿ! ಲುಂಗಿ ಹಿಡೀರಿ! ಯವ್ವಾ, ಲುಂಗಿ ಹೋತಲ್ರೀ!”

ಬಾಗಿಲುಗಳು ದಬದಬ ತೆರೆದುಕೊಂಡವು. ಬುಟ್ಟಿಗಳು ಬಂದವು, ಹಿಂದೆಯೇ ನಗು ಬಂತು. ಬುಟ್ಟಿ ಏರಿಸಲೂ ಆಗದಷ್ಟು ನಕ್ಕ ರೋಷನಬಿ, “ಲುಂಗಿ ಸಿಕ್ತೇನ್ರೀ ಮಾಸ್ತರ್?” ಎಂದಳು. ಪಿಕಪ್ ತಂದಿದ್ದ ದೌಲಪ್ಪ ಕೂಡ ಸ್ಟೇರಿಂಗ್ ಮೇಲೆ ತಲೆ ಇಟ್ಟು ನಕ್ಕು, ಗಾಡಿ ಹಿಂದೆ ತೆಗೆದುಕೊಂಡ. ಅಪ್ಪ ಸೀಟಿನಲ್ಲಿ ನೆಟ್ಟಗೆ ಕುಳಿತು, ಎಲ್ಲ ಸೀರೆಯ ತುಂಡುಗಳೂ ಬಂದವೇ ಎಂದು ಕಣ್ಣಲ್ಲೇ ನೋಡಿಕೊಂಡು, ಗೇರು ಹಾಕಿದ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಆದರೆ ನನಗೂ ಸಮಾಜದಲ್ಲಿ ಒಂದು ಮರ್ಯಾದೆ ಬೇಡವೆ? ನಮ್ಮ ಸಾಲೆಯ ಕಂಪ್ಯೂಟರ್ ಮಾಸ್ತರ ಸಾಯಿಕುಮಾರನ ಕಾಲು ಹಿಡಿದು, ರಮಾಳ ದನಿಯನ್ನು ಪೂರ್ತಿ ಅಳಿಸಿ, ಬರೀ ಎಂಜಿನ್ ಸಪ್ಪಳವನ್ನು ಸೋಸಿ ತಂದೆ. ಮುಂದಿನ ಭಾನುವಾರ ಅದನ್ನೇ ಹಚ್ಚಿದೆವು.

ಒಂದು ಬಾಗಿಲೂ ತೆರೆಯಲಿಲ್ಲ!

ಓಣಿಯ ತುದಿಯಲ್ಲಿ ಕಾರಣ ತಿಳಿಯಿತು. ಎದುರಿಗೆ ದೌಲಪ್ಪನ ಪಿಕಪ್ ಬರುತ್ತಿತ್ತು, ತಲೆಯ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು. ಧಡ್ ಧಡ್ ಧಡ್ ಖೊಕ್! ಗುರುವಾರ ಬರೀ ನಕ್ಕು ಹೋಗಿರಲಿಲ್ಲ ಮಹಾಶಯ, ಫೋನಿನಲ್ಲಿ ಹಿಡಿದುಕೊಂಡೂ ಹೋಗಿದ್ದ. ಮರ್ಯಾದಸ್ಥ, ಪರರ ಹೆಂಡತಿಯ ದನಿಯನ್ನು ಮಾತ್ರ ತೆಗೆಸಿದ್ದ. ನಿನ್ನೆ ನಮ್ಮ ಗಾಡಿ ಹೋದ ಮೇಲೆ ಅದನ್ನೇ ಹಚ್ಚಿ ಓಣಿಯಲ್ಲಿ ಒಂದು ಸುತ್ತು ಹಾಕಿದ್ದನಂತೆ.

ಕಿಟಕಿಯಿಂದ ರೋಷನಬಿ ತಲೆ ಹೊರಗೆ ಹಾಕಿದಳು. “ಅಂಬಣ್ಣ ಭಾಯಿ, ನೀವೇನು? ಲುಂಗಿ ಅನ್ನಲಿಲ್ಲಲ್ಲ, ಅದಕ್ಕ ದೌಲಪ್ಪ ಅಂತ ಕುಂತಿದ್ದೆವು!”

ಅಪ್ಪ ನನ್ನ ಕಡೆ ತಿರುಗಿದ. ಆ ಮುಖದ ಮೇಲೆ ಬಹಳ ದಿನದ ಮೇಲೆ ಮೂಡಿದ ತುಂಟತನವನ್ನು ಕಂಡಾಗಲೇ ನನ್ನ ಮರ್ಯಾದೆಯ ಆಸೆ ಬಿಟ್ಟೆ.

“ಎಂಜಿನ್ ಸಪ್ಪಳ ಯಾವನರೆ ಹಾಕ್ಯಾನು ಮಗನಾ. ಲುಂಗಿ ಹೋದದ್ದು ನಮ್ಮ ಒಂದ ಮನ್ಯಾಗ. ಹಳೇದ ಹಚ್ಚು!”

ಈಗ ಅಪ್ಪ ಚಾವಿ ತಿರುಗಿಸಿ ಹೊರಡುತ್ತಾನೆ. ಬಲಗೈ ಭುಜದ ಮಟ್ಟ ದಾಟಿ ಕಿವಿಯವರೆಗೆ ಏರುತ್ತಿದೆ. ಓಣಿಯವರಿಗೆ ಟಾಟಾ ಮಾಡುವಷ್ಟು. ಮಾರ್ಕೆಟ್ಟಿನಿಂದ ನಮ್ಮ ಮನೆಗೆ ಬರುವಾಗ, ಸೊಸೆ ಹಂಚಿನ ಮೇಲೆ ರೊಟ್ಟಿ ಹಾಕಲೆಂದು, ಸೇಡಂ ರಸ್ತೆಯ ತಿರುವಿನಲ್ಲೂ ಧ್ವನಿವರ್ಧಕ ಹಚ್ಚುತ್ತಾನೆ. ರಮಾ ತನ್ನದೇ ದನಿ ಕೇಳಿ ಹಿಟ್ಟು ತಟ್ಟತೊಡಗುತ್ತಾಳೆ. ನಮ್ಮ ಸಾಲೆಯ ಮಕ್ಕಳು ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಹೋಗುತ್ತಿರುತ್ತಾರೆ. ನಾನು ಸಾಲೆಗೆ ಹೊರಟು, ಇಸ್ತ್ರಿ ಮಾಡಿದ ಪ್ಯಾಂಟಿಗೆ ಬೆಲ್ಟು ಬಿಗಿದು, ಗಂಭೀರವಾಗಿ ಬಾಗಿಲಲ್ಲಿ ನಿಂತಿರುತ್ತೇನೆ.

“ರೀ! ಲುಂಗಿ!”

ಏನು ಮಾಡಲಿ, ದಿನಾ ನನ್ನ ಎರಡೂ ಕೈ ಸೊಂಟ ಹಿಡಿದುಕೊಳ್ಳುತ್ತವೆ!